ಎಪ್ಪತ್ತೈದು ಅಡಿಕೆ

ನಮ್ಮ ದೊಡ್ಡಮ್ಮನಿಗೆ ಮಂಡಿನೋವು ಶುರುವಾದದ್ದು ಯಾವಾಗ ಅಂತ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತಿಗೆಯ ಪ್ರಕಾರ ದೊಡ್ಡಪ್ಪ ತೀರಿಕೊಂಡ ವರ್ಷ. ತಮ್ಮನ ಪ್ರಕಾರ ಅದಕ್ಕೂ ಮೊದಲೇ, ಬಚ್ಚಲ ಕಲ್ಲಿನ ಮೇಲೆ ಜಾರಿದ ಮಳೆಗಾಲ. ದೊಡ್ಡಮ್ಮನನ್ನೇ ಕೇಳಿದರೆ, "ನಾನು ಎಷ್ಟು ವರ್ಷ ಅಡಿಕೆ ಸುಲಿದೆ ಅಂತ ಮೊದಲು ಲೆಕ್ಕ ಹಾಕು ತಮಾ, ನೋವಿನ ಲೆಕ್ಕ ಅದರಲ್ಲೇ ಸಿಗ್ತದೆ" ಎನ್ನುತ್ತಾಳೆ.

ಅವಳ ಮಾತನ್ನು ತೆಗೆದುಹಾಕುವಂತಿಲ್ಲ. ಸಾಗರದ ಕಡೆ ಕೊನೆಕೊಯ್ಲು ಶುರುವಾಯಿತೆಂದರೆ ಮನೆಯ ಹೆಂಗಸರೆಲ್ಲ ಮೆಟ್ಟುಗತ್ತಿಯ ಮುಂದೆ. ಮಣೆಗೆ ಸಿಕ್ಕಿಸಿದ ಕತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಒಂದು ಮಂಡಿ ಪೂರ್ತಿ ಮಡಚಿ, ಇನ್ನೊಂದನ್ನು ಅರ್ಧ ಎತ್ತಿ, ಸಂಜೆ ಕೂತರೆ ನಡುರಾತ್ರಿವರೆಗೆ. ಮಧ್ಯೆ ಒಂದು ಸುತ್ತು ಅವಲಕ್ಕಿ, ಒಂದು ಸುತ್ತು ಕಷಾಯ, ಊರಿನ ಎಲ್ಲ ಮನೆಗಳ ಸುದ್ದಿ. ದೊಡ್ಡಮ್ಮನ ಕೈ ಎಷ್ಟು ಚುರುಕೆಂದರೆ ನಾವು ಮಕ್ಕಳು ಅವಳ ಎದುರು ಕೂತು, ಬೆರಳು ಕತ್ತಿಗೆ ಈಗ ತಾಗುತ್ತದೆ, ಈಗ ತಾಗುತ್ತದೆ ಅಂತ ಕಾಯುತ್ತಿದ್ದೆವು. ಅದು ತಾಗಿದ್ದನ್ನು ಯಾರೂ ನೋಡಲಿಲ್ಲ. ಬೆರಳು ಉಳಿಯಿತು, ಮಂಡಿ ಹೋಯಿತು.

ಶಿವಮೊಗ್ಗದ ಡಾಕ್ಟರೊಬ್ಬರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದ್ದರು. ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಇರಬೇಕಾದ ಗ್ಯಾಪು ಕಡಿಮೆಯಾಗಿದೆ, ಅಂಚಿನಲ್ಲಿ ಮೂಳೆ ಮುಳ್ಳುಮುಳ್ಳಾಗಿ ಬೆಳೆದಿದೆ, ನಾಲ್ಕು ದರ್ಜೆಗಳಲ್ಲಿ ಇದು ಮೂರನೆಯದು ಎಂದರು. ಎಡಗಾಲು ಹೆಚ್ಚು ಸವೆದಿದೆಯಂತೆ. ದೊಡ್ಡಮ್ಮ ಅಲ್ಲೇ ಕೇಳಿದಳು: "ಹೆಚ್ಚು ನೋಯೋದು ಬಲಗಾಲು. ಹಾಳೆ ತಿರುಗಿಸಿ ಹಿಡಿದೀರೇನೋ ನೋಡಿ." ಡಾಕ್ಟರು ಒಳ್ಳೆಯವರು, ನಕ್ಕರು. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಮನುಷ್ಯ ಅನುಭವಿಸುವ ನೋವಿಗೂ ಅಷ್ಟೇನೂ ತಾಳೆಯಾಗುವುದಿಲ್ಲ, ಚಿತ್ರ ಕೆಟ್ಟದಾಗಿದ್ದೂ ಓಡಾಡುವವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ಮಲಗಿದವರಿದ್ದಾರೆ ಎಂದರು. ಆಪರೇಷನ್ನಿಗೆ ಅವಸರವಿಲ್ಲ, ಮೊದಲು ತೊಡೆಗೆ ಬಲ ಬರಲಿ ಅಂತ ವ್ಯಾಯಾಮಕ್ಕೆ ಚೀಟಿ ಬರೆದುಕೊಟ್ಟರು.

ಆ ಚೀಟಿ ಹಿಡಿದು ಹೋದ ಕಡೆಯ ಹೆಸರು ಇಲ್ಲಿ ಬೇಡ. ಅಲ್ಲಿ ಅವಳನ್ನು ಒಂದು ಯಂತ್ರದ ಮೇಲೆ ಕೂರಿಸಿ, ಕಣಕಾಲಿಗೆ ಅಡ್ಡಪಟ್ಟಿ ಕೊಟ್ಟು, ಭಾರ ಎತ್ತಿ ಅಂದರು. ಎತ್ತಿದಳು. ಹಟಮಾರಿ ಹೆಂಗಸು, ಹೇಳಿದ್ದಕ್ಕಿಂತ ಹೆಚ್ಚೇ ಎತ್ತಿರಬೇಕು. ಮರುದಿನ ಬಲಮಂಡಿ ಊದಿಕೊಂಡು ದೇವರ ಮುಂದಿನ ದೀಪ ಹಚ್ಚಲಿಕ್ಕೂ ಬಗ್ಗಲಾಗಲಿಲ್ಲ. ಅಲ್ಲಿಗೆ ವ್ಯಾಯಾಮದ ಅಧ್ಯಾಯ ಮುಗಿಯಿತು. ಮೇಲೆ ಎಳ್ಳೆಣ್ಣೆ, ಬಿಸಿ ಮರಳಿನ ಶಾಖ, ಯಾರೋ ಕೊಟ್ಟ ಲಕ್ಕಿಸೊಪ್ಪಿನ ಎಣ್ಣೆ. ಮನೆಯೆಲ್ಲ ಔಷಧಿಯಂಗಡಿಯ ವಾಸನೆ.

ತಮ್ಮನ ಮಗಳು ಬಂದದ್ದು ಇದೆಲ್ಲ ಆಗಿ ಎಷ್ಟು ಕಾಲಕ್ಕೋ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ, ಅಲ್ಲೇ ಕೆಲಸ ಮಾಡಿ, ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ನಡುವಿನ ಬಿಡುವಿನಲ್ಲಿ ಊರಿಗೆ ಬಂದಿದ್ದಳು. ಪುಷ್ಯ ಮಳೆಯೋ ಆಶ್ಲೇಷವೋ, ಹುಯ್ಯುತ್ತಿದ್ದದ್ದು ಮಾತ್ರ ನೆನಪಿದೆ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿಸಿಕೊಂಡು, ಛತ್ರಿ ಗಾಳಿಗೆ ಕೊಟ್ಟು, ನೆನೆದು ತೊಪ್ಪೆಯಾಗಿ ಜಗುಲಿ ಹತ್ತಿದಳು. ಬ್ಯಾಗು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒದ್ದೆಯಾಗದಂತೆ ತಂದಿದ್ದಳು. ನಾನೂ ಆ ಹೊತ್ತಿಗೆ ಅಲ್ಲಿದ್ದೆ, ಎಂತಕ್ಕೆ ಹೋಗಿದ್ದೆನೋ. ಕಳಲೆ ಪಲ್ಯದ ಆಸೆಗೇ ಇರಬೇಕು.

ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಅಜ್ಜಿಯನ್ನು ನೋಡುತ್ತಲೇ ಇದ್ದಳು. ದೊಡ್ಡಮ್ಮ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ, ಮುಂದಕ್ಕೆ ತೂಗಿ, "ಅಯ್ಯೋ ದೇವರೇ" ಅಂದು, ಮೂರನೆಯ ಪ್ರಯತ್ನಕ್ಕೆ ಎದ್ದದ್ದನ್ನು ನೋಡಿದಳು. ಮರುದಿನ ಬೆಳಿಗ್ಗೆ ಟೇಪು ಹಿಡಿದು ತೊಡೆಯ ಸುತ್ತಳತೆ ತೆಗೆದಳು. ಆಮೇಲೆ ನನ್ನ ಹತ್ತಿರ ಬಂದು, "ದೊಡ್ಡಪ್ಪಾ, ಅಜ್ಜಿ ಮಂಡಿಗಿಂತ ತೊಡೆ ಕೆಟ್ಟಿದೆ" ಎಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಮಂಡಿ ನೋಯುತ್ತಿದ್ದರೆ, ಊದಿದ್ದರೆ, ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಮೆದುಳಿನಿಂದ ಹೋಗುವ ಅಪ್ಪಣೆಯೇ ಕುಗ್ಗುತ್ತದೆ. ನಾವು ಬೇಕೆಂದು ಬಿಡುವುದಲ್ಲ, ಅದರಷ್ಟಕ್ಕೆ ಸ್ನಾಯು ಅರ್ಧ ಮಲಗಿಬಿಡುತ್ತದೆ. ಕೆಲಸವಿಲ್ಲದೆ ಸೊರಗುತ್ತದೆ. ಸೊರಗಿದ ತೊಡೆ ಮೆಟ್ಟಿಲು ಹತ್ತಿಳಿಯುವಾಗ ಭಾರ ತಡೆಯಲಾರದು, ಆ ಪೆಟ್ಟೆಲ್ಲ ಕೀಲಿಗೆ. ಮತ್ತೆ ನೋವು. ಈ ಸುತ್ತು ಕಡಿಯಬೇಕಾದರೆ ಸ್ನಾಯು ಬೆಳೆಯಬೇಕು. ಸ್ನಾಯು ಬೆಳೆಯಲಿಕ್ಕೆ ಲೋಕವೆಲ್ಲ ಒಪ್ಪಿದ ದಾರಿಯೆಂದರೆ, ಒಬ್ಬರು ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದಲ್ಲಿ ನೂರಕ್ಕೆ 60ರಿಂದ 80ರಷ್ಟನ್ನು ಮತ್ತೆ ಮತ್ತೆ ಎತ್ತುವುದು. ಅಷ್ಟು ಎತ್ತಿದರೆ ಈ ಮಂಡಿ ಊದುತ್ತದೆ. ಹಗುರ ಎತ್ತಿದರೆ ಸ್ನಾಯು ಎಚ್ಚರಾಗುವುದಿಲ್ಲ.

"ಮತ್ತೆಂತ ಮಾಡೋದು?" ಅಂದೆ.

ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ಯಾಗು ಬಿಚ್ಚಿದಳು. ಬಿಪಿ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಅಂಥದೇ ಪಟ್ಟಿ, ಆದರೆ ಅಗಲ, ಉದ್ದ. ಜೊತೆಗೆ ಗಾಳಿ ತುಂಬುವ ಕೈಪಂಪು, ಮಾಪಕ. ಅದನ್ನು ತೊಡೆಯ ಬುಡದಲ್ಲಿ ಕಟ್ಟಿ, ರಕ್ತದ ಹರಿವನ್ನು ಅರೆಬರೆ ತಡೆದು, ಹಗುರ ಭಾರದಲ್ಲೇ ವ್ಯಾಯಾಮ ಮಾಡಿಸುವುದು. ಬಿಎಫ್‌ಆರ್ ಅಂತ ಅವಳ ಬಾಯಲ್ಲಿ. ನಮ್ಮನೆಯಲ್ಲಿ ಇವತ್ತಿಗೂ ಅದು "ಕಾಲು ಕಟ್ಟೋದು".

ಪಟ್ಟಿ ನೋಡಿದ್ದೇ ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಎಂತದೇ ಕೂಸೇ ಇದು? ಹಾವು ಕಡಿದವರಿಗಲ್ಲನೇ ಹೀಗೆ ಕಟ್ಟೋದು?"

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡನಿಗೆ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಕಚ್ಚಿತು. ಮರದಿಂದ ಮರಕ್ಕೆ ಹಾರುತ್ತಿದ್ದ ಗಟ್ಟಿ ಆಳು. ಎಲ್ಲರೂ ಸೇರಿ ಮಂಡಿಯ ಮೇಲೆ ಬಾಳೆಪಟ್ಟೆ ಹಗ್ಗ ಬಿಗಿದರು, ಸಾಲದೆಂದು ಅದರ ಮೇಲೆ ಇನ್ನೊಂದು. ಗಾಡಿ ಕಟ್ಟಿ ಸಾಗರ ಮುಟ್ಟಿಸುವಷ್ಟರಲ್ಲಿ ಕಾಲು ಬಣ್ಣ ತಿರುಗಿತ್ತು. ಜೀವ ಉಳಿಯಿತು. ಕಾಲು ಮತ್ತೆ ಮರ ಹತ್ತುವ ಕಾಲಾಗಿ ಉಳಿಯಲಿಲ್ಲ. ಈಗ ಡಾಕ್ಟರುಗಳು ಹಾವು ಕಡಿದರೆ ಬಿಗಿಯಾಗಿ ಕಟ್ಟಲೇಬೇಡಿ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ತನ್ನಿ ಎನ್ನುತ್ತಾರೆ. ಆಗ ಯಾರಿಗೆ ಗೊತ್ತಿತ್ತು? ಅವನಿಗೆ ತಿಂಗಳುಗಟ್ಟಲೆ ಗಂಜಿ ಕೊಟ್ಟವಳು ದೊಡ್ಡಮ್ಮ. ಕಾಲಿಗೆ ಕಟ್ಟು ಎಂದರೆ ಅವಳ ಕಣ್ಣಿಗೆ ಬರುವುದು ಆ ಕಾಲು.

ಹುಡುಗಿ ವಾದಕ್ಕೆ ಹೋಗಲಿಲ್ಲ. ಬ್ಯಾಗಿನಿಂದ ಇನ್ನೊಂದು ಸಾಮಾನು ತೆಗೆದಳು, ಪೆನ್ನಿನಷ್ಟುದ್ದದ ಕಡ್ಡಿಗೆ ವೈರು, ವೈರಿಗೆ ಸಣ್ಣ ಸ್ಪೀಕರು. ಡಾಪ್ಲರ್. ಅಜ್ಜಿಯ ಹರಡಿನ ಒಳಬದಿಯ ಗಂಟಿನ ಹಿಂದೆ ಚೂರು ಜೆಲ್ ಸವರಿ ಕಡ್ಡಿ ಇಟ್ಟಳು. ಶ್ವೂ... ಶ್ವೂ... ಶ್ವೂ... ಅಂತ ಸದ್ದು ಹೊರಟಿತು. "ನಿನ್ನ ರಕ್ತ ಹೋಗ್ತಾ ಇರೋ ಸದ್ದು ಅಜ್ಜೀ."

ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಒಂದು ನಿಮಿಷ ಕೇಳಿದಳು. ಆಮೇಲೆ ಅಡುಗೆಮನೆಯಿಂದ ಅತ್ತಿಗೆಯನ್ನು ಕರೆಸಿದಳು, ಕೊಟ್ಟಿಗೆಯಿಂದ ಕೆಲಸದವಳನ್ನು ಕರೆಸಿದಳು, ಹಾಲು ಒಯ್ಯಲಿಕ್ಕೆ ಬಂದಿದ್ದ ಪಕ್ಕದ ಮನೆ ಹುಡುಗನನ್ನೂ ಕೂರಿಸಿದಳು. ಎಲ್ಲರೂ ಅವಳ ಪಾದದ ಸುತ್ತ ಕೂತು ಅವಳ ರಕ್ತ ಕೇಳಿದರು. ಹೊರಗೆ ಮಳೆ ಜೋರಾಗಿ ಹಂಚಿನ ಮೇಲೆ ಬಿದ್ದಾಗ ಇದರ ಸದ್ದು ಕೇಳದೆ, "ತಡೀರಿ, ಮಳೆ ಸ್ವಲ್ಪ ಕಡಿಮೆಯಾಗ್ಲಿ" ಅಂತ ಕಾದರು.

ಪಟ್ಟಿ ಕಟ್ಟುವಾಗ ಇನ್ನೊಂದು ತಕರಾರು ಬಂತು. ತೊಡೆಯ ಬುಡಕ್ಕೇ ಬರಬೇಕು, ಮಂಡಿಯ ಹತ್ತಿರ ಕಟ್ಟುವಂತಿಲ್ಲ. ಸೀರೆ ಅಷ್ಟು ಮೇಲೆ ಎತ್ತುವುದೆಂದರೆ? ಗಂಡಸರೆಲ್ಲ ಹೊರಗೆ. ನಾನೂ ತಮ್ಮನೂ ಜಗುಲಿಯಲ್ಲಿ ಕವಳ ಹಾಕುತ್ತ ಕೂತೆವು. ಎರಡನೆಯ ಸಲವೋ ಮೂರನೆಯ ಸಲವೋ ಮೊಮ್ಮಗಳ ಪೈಜಾಮ ಸೀರೆಯೊಳಗೆ ಹಾಕಿಕೊಂಡಳು. ಅದರ ಮೇಲೆಯೇ ಪಟ್ಟಿ. ಅಲ್ಲಿಂದ ಈ ಕಾರ್ಯಕ್ರಮ ಒಳಕೋಣೆಯಿಂದ ಜಗುಲಿಗೆ ಬಡ್ತಿ ಪಡೆಯಿತು. ಆ ಪೈಜಾಮ ಆಮೇಲೆ ಮೊಮ್ಮಗಳಿಗೆ ವಾಪಸು ಸಿಗಲಿಲ್ಲ. ಚಳಿಗೆ ಬಹಳ ಒಳ್ಳೆಯದಂತೆ.

ಅಳತೆ ತೆಗೆದ ಕ್ರಮ ನನಗೆ ಬಹಳ ಹಿಡಿಸಿತು. ಡಾಪ್ಲರ್ ಪಾದದಲ್ಲಿ ಸದ್ದು ಮಾಡುತ್ತಿದ್ದಂತೆ ಪಟ್ಟಿಗೆ ಮೆಲ್ಲಗೆ ಗಾಳಿ ತುಂಬುತ್ತ ಹೋದಳು. ಸದ್ದು ತೆಳುವಾಯಿತು, ಮತ್ತೆ ತೆಳುವಾಯಿತು, ನಿಂತಿತು. ಮಾಪಕ ನೂರೈವತ್ತರ ಆಚೀಚೆ ಇದ್ದದ್ದು ಅಂತ ನೆನಪು. ಕೂಡಲೇ ಗಾಳಿ ಬಿಟ್ಟಳು. "ಇದು ರಕ್ತ ಪೂರ್ತಿ ನಿಲ್ಲೋ ಒತ್ತಡ. ನಮಗೆ ಇದು ಬೇಡ. ಇದರ ಅರ್ಧ ಸಾಕು." ಇಂಥ ವ್ಯಾಯಾಮದಲ್ಲಿ ಆ ಒತ್ತಡದ ನೂರಕ್ಕೆ 40ರಿಂದ 80ರವರೆಗೆ ಬಳಸುತ್ತಾರಂತೆ. ಅಜ್ಜಿಗೆ ಅವಳು ಕೆಳಗಿನ ತುದಿಯಿಂದಲೇ ಶುರುಮಾಡಿದಳು. ಪಟ್ಟಿ ಅಗಲವಾದಷ್ಟೂ ಕಡಿಮೆ ಒತ್ತಡ ಸಾಕಾಗುತ್ತದೆ, ಸಪೂರ ಹಗ್ಗಕ್ಕೆ ಬಹಳ ಬಿಗಿ ಬೇಕು, ಅದೇ ಅಪಾಯ. ಒಂದು ಕಾಲಿನ ಅಳತೆ ಇನ್ನೊಂದಕ್ಕೆ ನಡೆಯುವುದಿಲ್ಲ. ಹಾಗಾಗಿ ಎರಡೂ ಕಾಲಿನ ರಕ್ತವನ್ನು ಬೇರೆ ಬೇರೆ ಕೇಳಿದ್ದಾಯಿತು.

ಅರ್ಧ ತಡೆದರೆ ಆಗುವುದೇನು ಎಂಬುದನ್ನು ದೊಡ್ಡಮ್ಮನೇ ನಮಗೆಲ್ಲ ತಿಳಿಸಿಕೊಟ್ಟಳು. ಮೊಮ್ಮಗಳು ಶುದ್ಧನಾಳ, ಮಲಿನನಾಳ ಅಂತೇನೋ ಹೇಳುತ್ತಿದ್ದಳು. ಒಳಗೆ ಬರುವ ರಕ್ತ ಆಳದ ನಾಳದಲ್ಲಿ ಒತ್ತಡದಿಂದ ಬರುವುದರಿಂದ ಸ್ವಲ್ಪ ಬಂದೇ ಬರುತ್ತದೆ, ಮರಳಿ ಹೋಗುವ ನಾಳ ಮೆತ್ತಗಿರುವುದರಿಂದ ಬೇಗ ಮುಚ್ಚುತ್ತದೆ ಅಂತ. ದೊಡ್ಡಮ್ಮ ತಡೆದು, "ತೋಟಕ್ಕೆ ನೀರು ಬರೋದು ಬರ್ತಾನೇ ಇರ್ತದೆ, ಅದು ಹೊರಗೆ ಹೋಗೋ ಉಜರುಗಪ್ಪು ಕಟ್ಟಿದ್ರೆ ಬರಣ ತುಂಬಿ ನಿಲ್ತದಲ್ಲ, ಹಾಗೆ ಅಲ್ಲನೇ" ಎಂದಳು. ಅಷ್ಟೇ. ನಿಂತ ರಕ್ತದಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ, ದುಡಿತದ ಕಸ ಹೊರಗೆ ಹೋಗದೆ ಅಲ್ಲೇ ತುಂಬುತ್ತದೆ. ನಿಧಾನಕ್ಕೆ ದುಡಿಯುವ ಸ್ನಾಯುತಂತುಗಳು ಸೋಲುತ್ತವೆ. ಆಗ, ದೊಡ್ಡ ಭಾರ ಬಂದಾಗಷ್ಟೇ ಏಳುವ ಬಲವಾದ ತಂತುಗಳೂ ಏಳಬೇಕಾಗುತ್ತದೆ. ಕಾಲಿಗೆ ಕಟ್ಟಿದ್ದು ಎರಡು ಕೆಜಿ ಮರಳಿನ ಚೀಲ. ಸ್ನಾಯುವಿಗೆ ಅದು ಎಷ್ಟೋ ಪಟ್ಟು ಭಾರ. ಮಂಡಿಯ ಕೀಲಿಗೆ ಮಾತ್ರ ಎರಡೇ ಕೆಜಿ.

ಇದನ್ನು ಯಾರು ಕಂಡುಹಿಡಿದರು ಎಂಬ ಪ್ರಶ್ನೆ ಎದ್ದದ್ದು ಒಂದು ಸಂಜೆ, ಕರೆಂಟು ಹೋಗಿ ಎಲ್ಲರೂ ಜಗುಲಿಯಲ್ಲಿ ಕೂತಿದ್ದಾಗ. ಅತ್ತಿಗೆ ಹಲಸಿನ ಹಪ್ಪಳ ಕೆಂಡದಲ್ಲಿ ಸುಟ್ಟು ತಂದಿದ್ದಳು, ಮೇಲೆ ತೆಂಗಿನೆಣ್ಣೆ ಸವರಿ. ಅದರ ಜೊತೆ ಹುಡುಗಿ ಹೇಳಿದ ಕತೆ ಇವತ್ತಿಗೂ ನಮ್ಮನೆಯಲ್ಲಿ ಚಾಲ್ತಿಯಲ್ಲಿದೆ.

ಜಪಾನಿನಲ್ಲಿ, 1966ರಲ್ಲಿ, ಯೋಶಿಯಾಕಿ ಸಾಟೊ ಎನ್ನುವ ಹುಡುಗ. ಹದಿನೆಂಟು ವರ್ಷ, ಮೈ ಬೆಳೆಸುವ ಹುಚ್ಚು. ತೀರಿಹೋದವರ ನೆನಪಿಗೆ ಬೌದ್ಧರು ಮಾಡುವ ಒಂದು ಕಾರ್ಯಕ್ಕೆ ಹೋಗಿದ್ದ. ಅಲ್ಲಿ ಕೂರುವ ಕ್ರಮವೆಂದರೆ ಮಂಡಿ ಮಡಚಿ, ಹಿಮ್ಮಡಿಯ ಮೇಲೆ ಕುಂಡೆಯೂರಿ, ನೆಟ್ಟಗೆ. ನಮ್ಮ ವಜ್ರಾಸನವೇ. ಮಂತ್ರ ಮುಗಿಯುತ್ತಲೇ ಇಲ್ಲ. ಕಾಲು ಜೋಮು ಹಿಡಿಯಿತು, ಮೀನಖಂಡ ಬಿಗಿದು ಗಟ್ಟಿಯಾಯಿತು. ಕೈಯಲ್ಲಿ ತಿಕ್ಕಿಕೊಳ್ಳುವಾಗ ಅವನಿಗೆ ಒಂದು ವಿಷಯ ಹೊಳೆಯಿತು: ಭಾರ ಎತ್ತಿ ಮೀನಖಂಡದ ವ್ಯಾಯಾಮ ಮಾಡಿದ ಮೇಲೆ ಕಾಲು ಬಿಗಿಯುವುದೂ ಹೀಗೇ ಅಲ್ಲವೇ? ರಕ್ತ ಸರಿಯಾಗಿ ಓಡದ್ದರಿಂದ ಹೀಗಾಗಿದ್ದರೆ, ಬೇಕೆಂದೇ ರಕ್ತ ತಡೆದು ವ್ಯಾಯಾಮ ಮಾಡಿದರೆ?

ದೊಡ್ಡಮ್ಮ ಹಪ್ಪಳ ಮುರಿಯುವುದನ್ನು ನಿಲ್ಲಿಸಿದಳು. "ಅವನೂ ಶ್ರಾದ್ಧಕ್ಕೆ ಕೂತವನೇ ಹೇಳು! ಯಾರ ಕಾರ್ಯವಂತೆ?"

"ಅದು ಗೊತ್ತಿಲ್ಲ ಅಜ್ಜೀ."

"ಹತ್ತಿರದವರದ್ದಲ್ಲ ಬಿಡು. ಹತ್ತಿರದವರದ್ದಾಗಿದ್ರೆ ಕಾಲಿನ ಕಡೆ ಗಮನ ಹೋಗ್ತಿರಲಿಲ್ಲ."

ಆ ಹುಡುಗ ಸೈಕಲ್ ಟ್ಯೂಬು, ಹಗ್ಗ, ಸಿಕ್ಕಿದ್ದನ್ನೆಲ್ಲ ತನ್ನ ಕೈಕಾಲಿಗೆ ಕಟ್ಟಿಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದ. 1973ರಲ್ಲಿ ಹಿಮದ ಮೇಲೆ ಸ್ಕೀ ಆಡುವಾಗ ಬಿದ್ದು ಹರಡು ಮುರಿಯಿತು, ಮಂಡಿಯ ಕಟ್ಟುಗಳಿಗೂ ಪೆಟ್ಟಾಯಿತು. ಪ್ಲಾಸ್ಟರ್ ಹಾಕಿದ ಕಾಲು ಸೊರಗುವುದು ಲೋಕರೂಢಿ. ಇವನು ಮಲಗಿದಲ್ಲೇ ತೊಡೆಗೆ ಪಟ್ಟಿ ಬಿಗಿದು, ಬಿಟ್ಟು, ಸ್ನಾಯು ಬಿಗಿಮಾಡಿ, ಸಡಿಲಿಸಿ ಕಾಲ ಕಳೆದ. ಕಾಲು ಸೊರಗಲಿಲ್ಲ, ಡಾಕ್ಟರುಗಳು ಎಣಿಸಿದ್ದಕ್ಕಿಂತ ಬೇಗ ಎದ್ದು ಓಡಾಡಿದ. ತನ್ನ ಪದ್ಧತಿಗೆ ಕಾತ್ಸು ಎಂದು ಹೆಸರಿಟ್ಟ. ಬಹಳ ಕಾಲದ ಮೇಲೆ ಟೋಕಿಯೋ ವಿಶ್ವವಿದ್ಯಾಲಯದ ನಾವೊಕಾತಾ ಇಶೀಯವರಂಥ ವಿಜ್ಞಾನಿಗಳು ಇದನ್ನು ಅಳೆದು ನೋಡಿದರು. 2000ದಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ಮುಟ್ಟು ನಿಂತ ವಯಸ್ಸಿನ ಹೆಂಗಸರು ತೋಳಿಗೆ ಪಟ್ಟಿ ಕಟ್ಟಿ ಹಗುರ ಭಾರ ಎತ್ತಿದರು, ಅವರ ಸ್ನಾಯು ದೊಡ್ಡ ಭಾರ ಎತ್ತಿದವರಷ್ಟೇ ಬೆಳೆಯಿತು. ಆಮೇಲೆ ಅಮೆರಿಕದ ಸ್ಯಾನ್ ಆಂಟೋನಿಯೋದ ಸೇನಾ ಚಿಕಿತ್ಸಾ ಕೇಂದ್ರದಲ್ಲಿ, ಯುದ್ಧದಲ್ಲಿ ಕಾಲು ಛಿದ್ರವಾಗಿ ಭಾರ ಎತ್ತಲಾಗದ ಸೈನಿಕರಿಗೂ ಇದನ್ನು ಮಾಡಿಸಿದರು.

ಸೈನಿಕರ ಕತೆ ದೊಡ್ಡಮ್ಮನಿಗೆ ಅಷ್ಟೇನೂ ರುಚಿಸಲಿಲ್ಲ. ಅವಳಿಗೆ ಬೇಕಾದದ್ದು ಮುಂದೆ ಬಂತು. ಬ್ರೆಜಿಲ್ ದೇಶದಲ್ಲಿ ಮಂಡಿ ಸವೆದ 48 ಹೆಂಗಸರನ್ನು ಮೂರು ಗುಂಪು ಮಾಡಿ 12 ವಾರ ವ್ಯಾಯಾಮ ಮಾಡಿಸಿದರಂತೆ. ಒಂದು ಗುಂಪಿಗೆ ದೊಡ್ಡ ಭಾರ, ಒಂದಕ್ಕೆ ಹಗುರ ಭಾರ, ಇನ್ನೊಂದಕ್ಕೆ ಹಗುರ ಭಾರದ ಜೊತೆ ಪಟ್ಟಿ. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪಟ್ಟಿ ಕಟ್ಟಿದವರ ತೊಡೆಯ ಬಲವೂ ಗಾತ್ರವೂ ದೊಡ್ಡ ಭಾರ ಎತ್ತಿದವರ ಸರಿಸಮಕ್ಕೆ ಬಂತು. ಆದರೆ ದೊಡ್ಡ ಭಾರದ ಗುಂಪಿನಲ್ಲಿ ನಾಲ್ವರು ವ್ಯಾಯಾಮದಿಂದಲೇ ಮಂಡಿ ನೋವು ಬಂದು ನಡುವೆ ಬಿಟ್ಟುಹೋದರು.

"ಆ ನಾಲ್ವರಲ್ಲಿ ನಾನೊಬ್ಬಳು" ಅಂದಳು ದೊಡ್ಡಮ್ಮ. ಯಂತ್ರದ ಮೇಲೆ ಕೂತ ಸಿಟ್ಟು ಅವಳಿಗೆ ಆವತ್ತು ಇಳಿಯಿತು ಅಂತ ನನ್ನ ಅಂದಾಜು. ತಪ್ಪು ತನ್ನ ಮಂಡಿಯದ್ದಲ್ಲ, ಬ್ರೆಜಿಲಿನ ಹೆಂಗಸರೂ ಎದ್ದು ಹೋದವರೇ.

ವ್ಯಾಯಾಮಕ್ಕೆ ಒಂದು ಕಟ್ಟಳೆ ಇದೆ. ಕುರ್ಚಿಯಲ್ಲಿ ಕೂತು ಕಾಲು ನೀಡುವುದು, ಮಡಚುವುದು: ಮೊದಲು 30 ಸಲ. ಅರ್ಧ ನಿಮಿಷ ವಿರಾಮ, ಪಟ್ಟಿ ಬಿಚ್ಚುವಂತಿಲ್ಲ. ಆಮೇಲೆ 15, ವಿರಾಮ, 15, ವಿರಾಮ, 15. ಒಟ್ಟು 75. ಅಷ್ಟಾದ ಮೇಲೆ ಗಾಳಿ ಬಿಟ್ಟು ಆ ಕಾಲಿಗೆ ವಿಶ್ರಾಂತಿ. ವಾರಕ್ಕೆ ಎರಡು ಮೂರು ದಿನ ಸಾಕು, ದಿನಾ ಬೇಡ.

ಬಾಯಲ್ಲಿ ಎಣಿಸಿದರೆ ದೊಡ್ಡಮ್ಮನಿಗೆ ಲೆಕ್ಕ ತಪ್ಪುತ್ತಿತ್ತು, ಯಾಕೆಂದರೆ ಎಣಿಸುವ ನಡುವೆ ಮಾತಾಡದಿದ್ದರೆ ಅವಳಿಗಾಗದು. ಕೊನೆಗೆ ಒಂದು ಸಣ್ಣ ಬುಟ್ಟಿಯಲ್ಲಿ 75 ಗೋಟಡಿಕೆ ಎಣಿಸಿಟ್ಟಳು. ಕಾಲು ಒಮ್ಮೆ ನೀಡಿದರೆ ಒಂದು ಅಡಿಕೆ ಈ ಬುಟ್ಟಿಯಿಂದ ಆ ಬುಟ್ಟಿಗೆ. ಕೈ ತನ್ನ ಹಳೆ ಕಸುಬಿಗೆ ಬಂದದ್ದರಿಂದಲೋ ಏನೋ ಕಾಲೂ ಲಯ ಹಿಡಿಯಿತು. ಅರ್ಧ ನಿಮಿಷದ ವಿರಾಮಗಳಲ್ಲಿ ಅವಳು ಒಂದು ಮದುವೆಯ ಕತೆ ಹೇಳಲಾರಂಭಿಸಿದಳು. ಯಾವುದೋ ಸಂಬಂಧಿಕರ ಮದುವೆ, ದಿಬ್ಬಣದ ಬಸ್ಸು ಹೊಳೆಬಾಗಿಲಿನ ಲಾಂಚಿಗೆ ಕಾಯುತ್ತ ನಿಂತಿದೆ, ಮುಹೂರ್ತ ಮೀರುತ್ತಿದೆ, ಮದುಮಗನ ಅಜ್ಜ ಬಸ್ಸಿನಲ್ಲಿಲ್ಲ. ಅಷ್ಟರಲ್ಲಿ "ಅಜ್ಜೀ, ಶುರು" ಅಂತ ಕೂಸು ಕೂಗುವುದು. ಒಂದು ಸಲ ಕೂತರೆ ಮೂರು ಕಂತು. ಅಜ್ಜ ಎಲ್ಲಿಗೆ ಹೋಗಿದ್ದ ಎಂಬುದು ಎಷ್ಟು ವಾರ ಎಳೆಯಿತೋ, ನನಗೆ ಇನ್ನೂ ಗೊತ್ತಾಗಿಲ್ಲ. ಆ ಕಂತಿನ ದಿನ ನಾನು ಊರಲ್ಲಿರಲಿಲ್ಲ. ಕೇಳಿದರೆ "ಮೊದಲಿಂದ ಹೇಳ್ಬೇಕು" ಎನ್ನುತ್ತಾಳೆ, ಅದಕ್ಕೆ ಪುರಸೊತ್ತು ಸಿಕ್ಕಿಲ್ಲ.

ಸುಖದ ಕೆಲಸವೇನಲ್ಲ ಅದು. ಎರಡನೆಯ ಹದಿನೈದಕ್ಕೆ ತೊಡೆ ಉರಿಯುತ್ತದೆ. ಕಾಲು ಕೆಂಪೇರಿ ಬಿಗಿಯುತ್ತದೆ. ದೊಡ್ಡಮ್ಮ ಕೆಳತುಟಿ ಕಚ್ಚಿ, ಕಣ್ಣು ಸಣ್ಣ ಮಾಡಿ, ಕೊನೆಯ ನಾಲ್ಕೈದು ಅಡಿಕೆಗಳನ್ನು ಎತ್ತಿ ಹಾಕುವುದಲ್ಲ, ಬುಟ್ಟಿಗೆ ಎಸೆಯುತ್ತಿದ್ದಳು. ಹುಡುಗಿ ಕಣ್ಣು ಪಾದದ ಮೇಲೇ ಇಟ್ಟಿರುತ್ತಿದ್ದಳು: ಬೆರಳು ಬಿಳಿಚಿಕೊಂಡಿತೇ, ಜೋಮು ಹಿಡಿಯಿತೇ, ಉರಿ ಸ್ನಾಯುವಿನಲ್ಲೋ ಮಂಡಿಯ ಒಳಗೋ. ಜೋಮು ಅಂದರೆ ತಕ್ಷಣ ಗಾಳಿ ಬಿಡುವುದು. ಪಟ್ಟಿ ಸಡಿಲಿಸಿದ ಕೂಡಲೇ ಕಾಲಿಗೆಲ್ಲ ಬಿಸಿ ಹರಿಯುತ್ತದಂತೆ. ಆ ಗಳಿಗೆಗೆ ದೊಡ್ಡಮ್ಮ ಕಾಯುತ್ತಿದ್ದಳು. "ಅಭ್ಯಂಜನ ಆಯ್ತು" ಎಂದು ಕಾಲು ಚಾಚುತ್ತಿದ್ದಳು.

ಪಕ್ಕದ ಮನೆ ಭಾವ ಇದನ್ನೆಲ್ಲ ನೋಡಿ ನೋಡಿ ತಡೆಯಲಾರದೆ ಒಂದು ದಿನ ಸೈಕಲ್ ಟ್ಯೂಬು ತುಂಡುಮಾಡಿ ತಂದರು. ಜಪಾನಿನ ಹುಡುಗ ಟ್ಯೂಬಿನಲ್ಲೇ ಕಂಡುಹಿಡಿದದ್ದಲ್ಲವೇ, ನನಗೂ ಕಟ್ಟು ಅಂತ. ಭಾವ ಯಾವುದನ್ನೂ ದುಡ್ಡು ಕೊಟ್ಟು ತರುವವರಲ್ಲ. ಹುಡುಗಿ ಅವರ ಪಂಚೆ ಮಂಡಿಯವರೆಗೆ ಎತ್ತಿಸಿ ನೋಡಿದಳು. ಮೀನಖಂಡದ ತುಂಬ ಹಸಿರು ನರ ಗಂಟುಗಂಟಾಗಿ ಎದ್ದಿತ್ತು. ಕೇಳಿದರೆ, ಹಿಂದೊಮ್ಮೆ ಆ ಕಾಲಲ್ಲೇ ರಕ್ತ ಹೆಪ್ಪುಗಟ್ಟಿ ಮಣಿಪಾಲಕ್ಕೆ ಹೋಗಿದ್ದುಂಟಂತೆ. ಹುಡುಗಿಯ ಮುಖ ಬದಲಾಯಿತು. ಅವಳು ದೊಡ್ಡವರಿಗೆ ಗದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೆಪ್ಪುಗಟ್ಟಿದ ಚರಿತ್ರೆ ಇದ್ದವರು, ಕಾಲಿನ ರಕ್ತನಾಳ ಕಟ್ಟಿದವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಬಸುರಿಯರು, ಇವರ್‍ಯಾರೂ ಇದರ ತಂಟೆಗೆ ಹೋಗಬಾರದು. ಒತ್ತಡ ಅಳೆಯದೆ ಟ್ಯೂಬು ಕಟ್ಟಿಕೊಳ್ಳುವುದಂತೂ ಯಾರಿಗೂ ಸಲ್ಲ. ಅಜ್ಜಿಗೂ ಮೊದಲ ದಿನವೇ ಇವೆಲ್ಲ ಕೇಳಿ, ಬಿಪಿ ನೋಡಿ, ಶಿವಮೊಗ್ಗದ ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆ ಪಡೆದಿದ್ದಳು. ಭಾವ ಟ್ಯೂಬು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಮತ್ತೆ ನಾನೆಂತ ಮಾಡೋದು?" ಅಂದರು. ಕುರ್ಚಿಯಿಂದ ಎದ್ದು ಕೂರುವುದು, ದಿನಾ ನಡೆಯುವುದು, ಕಾಲಿನ ಡಾಕ್ಟರಿಗೆ ತೋರಿಸುವುದು ಎಂದಳು. ಖರ್ಚಿಲ್ಲದ ಮೊದಲ ಎರಡನ್ನು ಭಾವ ಒಪ್ಪಿಕೊಂಡರು.

ಹುಬ್ಬೆ ಮಳೆ ಕಳೆಯುವ ಹೊತ್ತಿಗೆ ವ್ಯತ್ಯಾಸ ಕಂಡಿತು. ಟೇಪಿನಲ್ಲಿ ಕಂಡದ್ದು ಸ್ವಲ್ಪ, ಮನೆಯವರಿಗೆ ಕಂಡದ್ದು ಹೆಚ್ಚು. ಹುಡುಗಿ ಗಡಿಯಾರ ಹಿಡಿದು ಅರ್ಧ ನಿಮಿಷದಲ್ಲಿ ಕೈಯೂರದೆ ಎಷ್ಟು ಸಲ ಎದ್ದು ಕೂರುತ್ತಾಳೆ ಎಂದು ನೋಡುತ್ತಿದ್ದಳು. ಮೊದಲು ಒಂದು ಸಲವೂ ಆಗದಿದ್ದವಳು ಈಗ ಏಳುತ್ತಿದ್ದಳು. ಅಂಗಳದಿಂದ ತೋಟಕ್ಕೆ ಇಳಿಯುವ ಕಲ್ಲುಮೆಟ್ಟಿಲಿದೆಯಲ್ಲ, ದೊಡ್ಡಪ್ಪ ಹಾಕಿಸಿದ್ದು, ಒಂದೂ ಸಮವಿಲ್ಲ. ಅದನ್ನು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಇಳಿದು ಕೆಸುವಿನೆಲೆ ಕೊಯ್ದು ತಂದಳು. ಹುಡುಕಾಡಿ ಸುಸ್ತಾದ ಅತ್ತಿಗೆ ಬೈದಳು. ಮಧ್ಯಾಹ್ನ ಪತ್ರೊಡೆ.

ಆಗದೇ ಇದ್ದದ್ದೂ ಇದೆ. ಸವೆದ ಮೃದ್ವಸ್ಥಿ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಮತ್ತೊಂದು ಎಕ್ಸ್‌ರೇ ತೆಗೆಸಿದ್ದರೆ ಗ್ಯಾಪು ಅಷ್ಟೇ ಇರುತ್ತಿತ್ತು. ಮೆಟ್ಟುಗತ್ತಿಯ ಮುಂದೆ ಕೂರುವ ಮಂಡಿ ಹಿಂದಿರುಗಲಿಲ್ಲ. ಆ ವರ್ಷದ ಕೊಯ್ಲಿಗೆ ಎತ್ತರದ ಸ್ಟೂಲು ಮಾಡಿಸಿಕೊಟ್ಟರೆ "ಇದು ಕಲೆಕ್ಟರ ಅಡಿಕೆ ಸುಲಿದಂಗಾಯ್ತು" ಎಂದು ಎದ್ದುಬಿಟ್ಟಳು. ನೋವೂ ಪೂರ್ತಿ ಹೋಗಲಿಲ್ಲ. ಥಂಡಿ ಹೆಚ್ಚಾದ ದಿನ ಎಳ್ಳೆಣ್ಣೆ ಹೊರಗೆ ಬರುತ್ತದೆ. ಹುಡುಗಿಯೂ ದೊಡ್ಡ ಮಾತು ಆಡಿದವಳಲ್ಲ. ದೊಡ್ಡ ಭಾರ ತಡೆದುಕೊಳ್ಳಬಲ್ಲ ಮಂಡಿಗೆ ಈ ಪಟ್ಟಿಯಿಂದ ವಿಶೇಷ ಲಾಭವೇನೂ ಇಲ್ಲ, ತಡೆದುಕೊಳ್ಳಲಾಗದವರಿಗೆ ಇದೊಂದು ಒಳದಾರಿ, ಅಷ್ಟೇ ಅಂತ ಮೊದಲೇ ಹೇಳಿದ್ದಳು. ನನಗೆ ಹಿಡಿಸಿದ್ದು ಆ ಲೆಕ್ಕಾಚಾರವೇ. ಕಾಲು ಕಟ್ಟುವುದರಲ್ಲಿ ಕೊನೆಗೌಡನ ಹಗ್ಗಕ್ಕೂ ಇದಕ್ಕೂ ವ್ಯತ್ಯಾಸವಿದ್ದದ್ದು ಒಂದು ಮಾಪಕದಲ್ಲಿ, ಮತ್ತೆ ಪಾದದ ಮೇಲೆ ಕಣ್ಣಿಟ್ಟು ಕೂತ ಒಬ್ಬಳು ಹುಡುಗಿಯಲ್ಲಿ.

ದೊಡ್ಡಪ್ಪನ ತಿಥಿ ಬಂದದ್ದು ನವರಾತ್ರಿಗಿಂತ ಮುಂಚೆ. ಹುಡುಗಿ ಹೊಸ ಕೆಲಸಕ್ಕೆ ಹೊರಡುವ ಮೊದಲು ಅದೊಂದು ಮುಗಿಸಿಯೇ ಹೋಗುತ್ತೇನೆಂದು ಉಳಿದಿದ್ದಳು. ಹಿಂದಿನ ವರ್ಷ ಊಟದ ಹೊತ್ತಿಗೆ ದೊಡ್ಡಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಿಂದ ಇಬ್ಬರು ರಟ್ಟೆ ಹಿಡಿದು ಎತ್ತಿದ್ದು ಎಲ್ಲರಿಗೂ ನೆನಪಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ. ಈ ವರ್ಷ ಪಂಕ್ತಿ ಕೂತು, ಪಾಯಸ ಬಂದು, ವಡೆ ಬಂದು, ಸುಕ್ಕಿನುಂಡೆಯ ಹೊತ್ತಿಗೆ ಅವಳು ಎದ್ದಳು. ಕೈಯೂರಲಿಲ್ಲ. ಅತ್ತಿಗೆಯ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ಬಡಿಸುತ್ತ ಬಂದಳು, ಒಬ್ಬೊಬ್ಬರಿಗೂ ಎರಡೆರಡು. ಬೇಡ ಎಂದವರಿಗೆ ಮೂರು.

ಊಟ ಮುಗಿದು ಭಟ್ಟರು ಮಣೆಯಿಂದ ಏಳುವಾಗ ಒಂದು ಕೈ ಕಂಬಕ್ಕೆ ಕೊಟ್ಟು, ಇನ್ನೊಂದು ನೆಲಕ್ಕೆ ಊರಿ, "ಶಿವಾ" ಅಂದರು. ಬೆಳಗಿನಿಂದ ಕೂತಿದ್ದರು ಪಾಪ. ದೊಡ್ಡಮ್ಮ ಪಾತ್ರೆ ಕೆಳಗಿಟ್ಟು ಅವರ ಎದುರು ನಿಂತಳು. ಜಪಾನಿನಲ್ಲಿ ಒಬ್ಬ ಹುಡುಗ ಹೀಗೇ ಕಾರ್ಯಕ್ಕೆ ಕೂತಿದ್ದನ್ನು ಮೊದಲಿಂದ ಹೇಳಿದಳು. ಭಟ್ಟರು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ನನಗೂ ಆ ಪಟ್ಟಿ ಒಂದು ಕಟ್ಟಿಸಿಬಿಡಿ ಎಂದರು.

"ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ?" ಅಂತ ದೊಡ್ಡಮ್ಮ ಕೇಳಿದಳು.

"ಇಲ್ಲಪ್ಪ."

"ಬಿಪಿ ಎಷ್ಟು? ಮಾತ್ರೆ ತಪ್ಪಿಸ್ತೀರಾ? ಸುಳ್ಳು ಹೇಳ್ಬಾರ್ದು, ತಿಥಿ ದಿನ."

"ದಕ್ಷಿಣೆ ಕೊಡ್ತೀರಿ ಅಂತ ನಿಂತರೆ ಜಾತಕ ಕೇಳ್ತೀರಲ್ಲ ಅಮ್ಮಾ" ಎಂದು ಭಟ್ಟರು ನಕ್ಕರು. ಹುಡುಗಿ ಒಳಗೆ ಹೋಗಿ ಬ್ಯಾಗು ತರಲು ಎದ್ದಳು. ದೊಡ್ಡಮ್ಮ ಕೈ ಅಡ್ಡ ಹಿಡಿದಳು. "ಉಂಡ ಕೂಡಲೇ ಬೇಡ ಕೂಸೇ. ನಾಳೆ ಬರ್ಲಿ. ಪೈಜಾಮ ಹಾಕ್ಕೊಂಡು ಬರ್ಲಿ."